ಮೊದಲ ಮಾತಿಗೇ ಕೊಟ್ಟ ಕೆಂಪು ಕಾರು

ಟವೆಲ್ಲಿನ ಕೆಳಗೆ ಅವನ ಕೈ ಅವಳ ಕೈಗೆ ತಗುಲಿತು.

ಶಿವರತ್ನಮ್ಮನ ಎದೆ ಧಸಕ್ಕೆಂದಿತು. ಕೊಳ್ಳೇಗಾಲದ ರೇಷ್ಮೆ ಗೂಡಿನ ವ್ಯಾಪಾರದಲ್ಲಿ ಎಷ್ಟೋ ಜನರ ಬೆರಳು ಹಿಡಿದು ಬೆಲೆ ಹೇಳಿದ್ದವಳು ಅವಳು. ಮುದುಕರ ಕೈ, ಬೀಡಿ ವಾಸನೆಯ ಕೈ, ಜಿಪುಣರ ಬೆವರುವ ಕೈ... ಯಾವುದೂ ಅವಳನ್ನು ಹೀಗೆ ಮಾಡಿರಲಿಲ್ಲ. ಈ ಕೈ ಒರಟಾಗಿತ್ತು, ಬೆಚ್ಚಗಿತ್ತು. 

‘ಇದೇನಾಯಿತು ನನಗೆ... ನಾನು ಬಂದಿರುವುದು ಕಾರು ಕೊಳ್ಳಲು!’

ಹೌದು, ಕಾರು ಕೊಳ್ಳಲೇ ಬಂದಿದ್ದಳು. ಅವಳ ತಂದೆ ಗುರುಪಾದಸ್ವಾಮಿ ಕೊಳ್ಳೇಗಾಲದಲ್ಲಿ ಗೂಡಿನ ವ್ಯಾಪಾರಿ. ಎತ್ತಿನ ಗಾಡಿಯಿಂದ ಬಿದ್ದ ಮೇಲೆ ಅವರ ಬಲಗೈ ಬೆರಳುಗಳು ಮಡಚುತ್ತಿರಲಿಲ್ಲ. ಗೂಡಿನ ವ್ಯಾಪಾರವೋ, ಟವೆಲ್ಲಿನ ಕೆಳಗೆ ಬೆರಳು ಹಿಡಿದೇ ನಡೆಯಬೇಕು; ಹಿಡಿದ ಬೆರಳಿನ ಲೆಕ್ಕವೇ ಬೆಲೆ. ಸುತ್ತ ನಿಂತವರಿಗೆ ಬೆಲೆ ಗೊತ್ತಾಗಬಾರದು. ಗಂಡು ಮಕ್ಕಳಿಲ್ಲದ ಗುರುಪಾದಸ್ವಾಮಿ ಮಗಳನ್ನೇ ಪಕ್ಕದಲ್ಲಿ ಕೂರಿಸಿಕೊಂಡರು. ಮೊದಮೊದಲು ಜನ ನಕ್ಕರು. ಅವಳು ಕೊಂಡ ಗೂಡಿನಲ್ಲಿ ನಷ್ಟವಿಲ್ಲ ಎಂದು ಗೊತ್ತಾದ ಮೇಲೆ ಬಾಯಿ ಮುಚ್ಚಿಕೊಂಡರು.

ಮೈಸೂರಿನ ಸೋದರಮಾವನ ಮನೆಯಲ್ಲಿ ಓದುವಾಗ ಅವಳು ಕಾರು ಬಿಡುವುದನ್ನೂ ಕಲಿತಿದ್ದಳು. ಹನೂರು, ರಾಮಾಪುರದ ಕಡೆ ಗೂಡು ತರಲು ಬಸ್ಸಿಗೆ ಕಾದು ಸಾಕಾಗಿದ್ದ ತಂದೆಯ ಹತ್ತಿರ, ಕಾರು ತಗೊಳ್ಳೋಣ ಎಂದು ಹಟ ಹಿಡಿದವಳೂ ಅವಳೇ.

ಸಾವಿರದ ಒಂಬೈನೂರ ಐವತ್ತರ ಮಾತಿದು. ಆಗಿನ್ನೂ ಕೊಳ್ಳೇಗಾಲ ಮದರಾಸಿಗೆ ಸೇರಿತ್ತು, ಯಳಂದೂರು ಮೈಸೂರಿಗೆ. ಬಿಳಿಗಿರಿರಂಗನ ಬೆಟ್ಟದ ಕಾಫಿ ತೋಟದ ಇಂಗ್ಲಿಷ್ ದೊರೆಯೊಬ್ಬ ಎಲ್ಲ ಮಾರಿ ತನ್ನ ಸೀಮೆಗೆ ಹೊರಟಾಗ, ಅವನ ಎರಡು ಕಾರುಗಳು ಮಾಂಬಳ್ಳಿಯ ಮಾದಸ್ವಾಮಿಯ ಪಾಲಾದವು. ತೋಟದ ಕಾಫಿಯನ್ನು ಲಾರಿಯಲ್ಲಿ ಕೆಳಗಿಳಿಸುತ್ತಿದ್ದವನು ಅವನು. ಎರಡನ್ನೂ ಸಾಕಲು ಅವನೇನು ದೊರೆಯಲ್ಲವಲ್ಲ. ಒಂದನ್ನು ಕೊಡುತ್ತೇನೆ, ಇನ್ನೊಂದನ್ನು ಇಟ್ಟುಕೊಳ್ಳುತ್ತೇನೆ ಎಂದು ಗುರುಪಾದಸ್ವಾಮಿಗೆ ಹೇಳಿ ಕಳಿಸಿದ್ದ.

ಎರಡಕ್ಕೂ ಎರಡೇ ಬಾಗಿಲು. ಒಂದು ಕೆಂಪು, ಉದ್ದ ಮೂಗಿನದು, ನೆಲಕ್ಕೆ ತಗ್ಗಾಗಿ ಕೂತದ್ದು. ಒಳಗೆ ಇಬ್ಬರು ಕೂರಬಹುದು. ಹಿಂದಿನ ಡಿಕ್ಕಿಯ ಮುಚ್ಚಳ ಎತ್ತಿದರೆ ಬಯಲಿಗೆ ಇನ್ನೊಂದು ಸೀಟು. ಬಣ್ಣ ಅಲ್ಲಲ್ಲಿ ಕಿತ್ತಿತ್ತು. ಇನ್ನೊಂದು ಕಾರು ಗಾಢ ನೀಲಿ. ಮುಖ ನೋಡಿಕೊಳ್ಳುವಷ್ಟು ಹೊಳಪು.

ಮಗಳೊಡನೆ ಮಾಂಬಳ್ಳಿಗೆ ಬಂದ ಗುರುಪಾದಸ್ವಾಮಿಗೆ ನೋಡಿದ ತಕ್ಷಣ ನೀಲಿ ಹಿಡಿಸಿತು. ಶಿವರತ್ನಮ್ಮ ಎರಡನ್ನೂ ಯಳಂದೂರಿನವರೆಗೆ ಬಿಟ್ಟು ನೋಡಿದಳು. ಮಾದಸ್ವಾಮಿ ಪಕ್ಕದ ಸೀಟಿನಲ್ಲಿ ಬಾಗಿಲಿಗೆ ಅಂಟಿಕೊಂಡು ಕೂತಿದ್ದ. ಕೆಂಪು ಕಾರು ಅವಳು ಅಂದುಕೊಳ್ಳುವ ಮೊದಲೇ ತಿರುಗುತ್ತಿತ್ತು. ಅವಳಿಗೇ ಗೊತ್ತಿಲ್ಲದೆ ನಕ್ಕುಬಿಟ್ಟಳು. ಅವನು ಆ ನಗು ನೋಡಿ ಮುಖ ತಿರುಗಿಸಿಕೊಂಡ. ಕಿವಿ ಕೆಂಪಾಗಿತ್ತು.

ವಾಪಸ್ಸು ಬಂದ ಮೇಲೆ ಅವನು ಎಲ್ಲರ ಎದುರಿಗೇ ಹೇಳಿದ.

“ಕೆಂಪುದ್ ತಕಳಿ ಯಜಮಾನ್ರೇ. ನೀಲಿ ನೋಡಕ್ ಚೆಂದ, ಏರು ಬಂದ್ರೆ ಕುದೀತದೆ.”

ಇಲ್ಲೇ ಎಡವಟ್ಟಾದದ್ದು. ಗೂಡಿನ ವ್ಯಾಪಾರದಲ್ಲಿ ಯಾರು ಯಾವ ಬುಟ್ಟಿಯನ್ನು ಹೊಗಳುತ್ತಾರೋ ಅದನ್ನು ದಾಟಿಸಬೇಕಾಗಿದೆ ಎಂದರ್ಥ. ಯಾವುದನ್ನು ತೆಗಳುತ್ತಾರೋ ಅದು ತಮಗೇ ಬೇಕು ಎಂದರ್ಥ. ಅಪ್ಪ ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಆದರೂ ಅವಳ ಮನಸ್ಸು ಕೆಂಪಿನ ಮೇಲೇ ಇತ್ತು. ಬೇಲಿಯ ಸುತ್ತ ಊರೇ ನೆರೆದದ್ದರಿಂದ ಬೆಲೆ ಟವೆಲ್ಲಿನ ಕೆಳಗೇ ಆಗಬೇಕೆಂದು ಗುರುಪಾದಸ್ವಾಮಿ ಹೇಳಿದರು. ಕೈ ಮಾತ್ರ ಮಗಳದು ಎಂದಾಗ ಮಾದಸ್ವಾಮಿ ತಬ್ಬಿಬ್ಬಾದ. ಅವನ ತಾಯಿ ಚನ್ನಮಲ್ಲಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು.

ಕೈ ತಗುಲಿದ್ದು ಆಗಲೇ.

ಸಾವರಿಸಿಕೊಂಡು ಅವಳು ಕೆಂಪು ಕಾರಿಗೆ ಎಂದಿನಂತೆ ಸರಿಯಾದ ಬೆಲೆಯ ಅರ್ಧಕ್ಕೆ ಬೆರಳು ಹಿಡಿದಳು. ಅವನು ಕೈ ಕೊಡವಬೇಕು, ಮೇಲಿನ ಬೆಲೆ ಹೇಳಬೇಕು, ಅವಳು ಗೊಣಗಬೇಕು... ಅದೇ ಪದ್ಧತಿ.

ಅವನು ಹಾಗೇನೂ ಮಾಡಲಿಲ್ಲ. ಅವಳ ಕೈಯನ್ನು ಒಮ್ಮೆ ಮೆಲ್ಲಗೆ ಒತ್ತಿದ. ಒಪ್ಪಿದೆ ಎಂದು.

ಅವಳು ಬೆಂಕಿ ಮುಟ್ಟಿದವಳಂತೆ ಕೈ ಎಳೆದುಕೊಂಡಳು. ಮೊದಲ ಮಾತಿಗೇ ಕೊಟ್ಟನೇ? ಬುಟ್ಟಿಯ ತಳದಲ್ಲಿ ಸತ್ತ ಗೂಡು ತುಂಬಿರುವವನು ಮಾತ್ರ ಹಾಗೆ ಕೊಡುವುದು. ಅಥವಾ ಹೆಣ್ಣಿನ ಜೊತೆ ಏನು ಚೌಕಾಸಿ ಎಂಬ ಸಸಾರವೋ? ಯಾವುದಾದರೂ ಸರಿ, ಅವಳ ಮೈ ಉರಿದುಹೋಯಿತು.

ನೀಲಿಗೆ ಮತ್ತೆ ಟವೆಲ್ಲು ಹಾಸಿದರು. ಈ ಸಲ ಅವನು ಜಗ್ಗಲಿಲ್ಲ. ಅವಳು ಏರಿಸಿದಷ್ಟೂ ಅವನೂ ಏರಿಸಿದ. ಇದು ಸಾಚಾ ಮಾಲು ಎಂದು ಖಾತ್ರಿಯಾಗಿ, ದುಬಾರಿ ಬೆಲೆಗೆ ಅವಳು ನೀಲಿ ಕಾರನ್ನೇ ಕೊಂಡಳು.

ಹೊರಡುವಾಗ ಅವನ ಮುಖ ನೋಡಿದಳು. ಗೆದ್ದ ವ್ಯಾಪಾರಿಯ ಮುಖ ಅದಾಗಿರಲಿಲ್ಲ. 

ಆಮೇಲಿನ ದಿನಗಳನ್ನು ಏನು ಹೇಳಲಿ! ಕೊಳ್ಳೇಗಾಲದ ಬೀದಿಯಲ್ಲಿ ನೀಲಿ ಕಾರು ಹೋದರೆ ಜನ ಎದ್ದು ನಿಂತು ನೋಡುತ್ತಿದ್ದರು. ಸ್ಟಿಯರಿಂಗ್ ಹಿಡಿದವಳ ಮನಸ್ಸು ಮಾತ್ರ ಮಾಂಬಳ್ಳಿಯಲ್ಲಿತ್ತು. ‘ಮೋಸಗಾರ’ ಎಂದು ಬಯ್ದುಕೊಳ್ಳುವಳು. ಬಯ್ದ ಮರುಕ್ಷಣ ಆ ಬೆಚ್ಚನೆಯ ಕೈ ನೆನಪಾಗುವುದು. ಅವನು ನಿಜಕ್ಕೂ ಮೋಸಗಾರನಾದರೆ ಅವನನ್ನು ಮನಸ್ಸಿನಿಂದ ಕಿತ್ತೆಸೆಯಬೇಕು. ಆಗುತ್ತದೆಯೇ ತನ್ನಿಂದ? ಆಗುವುದಿಲ್ಲವೆಂದು ಅವಳಿಗೆ ಅದಾಗಲೇ ಗೊತ್ತಾಗಿತ್ತು. ಭಯವಾದದ್ದು ಅದಕ್ಕೇ.

ಗೂಡು ನೋಡಲು ಆ ಕಾರಿನಲ್ಲಿ ಮೊದಲ ಬಾರಿ ರಾಮಾಪುರದ ಕಡೆ ಹೊರಟ ದಿನ ಒಳ್ಳೆ ಬಿಸಿಲು. ಹನೂರು ದಾಟಿ ಏರು ಶುರುವಾಯಿತು. ಅರ್ಧ ಏರುವಷ್ಟರಲ್ಲಿ ಕಾರಿನ ಮೂತಿಯಿಂದ ಬುಸ್ಸೆಂದು ಆವಿ ಬಂತು. ಕಾರು ಕೆಮ್ಮಿ, ಕುಲುಕಿ, ನಿಂತೇಬಿಟ್ಟಿತು.

ಗುರುಪಾದಸ್ವಾಮಿ ರಸ್ತೆ ಪಕ್ಕದ ಕಲ್ಲಿನ ಮೇಲೆ ಕೂತು, ಮೈಸೂರು ಸೀಮೆಯವರನ್ನೆಲ್ಲ ಒಟ್ಟಿಗೆ ಬಯ್ದರು. ಮಾಂಬಳ್ಳಿಯವರ ಮನೆ ಬಾಗಿಲನ್ನು ಇನ್ನು ತುಳಿಯುವುದಿಲ್ಲ ಎಂದರು. ಆ ಮಾತು ಮಗಳಿಗೆ ಚುಚ್ಚಿತು. ‘ಏರು ಬಂದರೆ ಕುದಿಯುತ್ತದೆ ಅಂತ ಅವರು ಹೇಳಿದ್ದರಲ್ಲ...’

ಅಷ್ಟರಲ್ಲಿ ಕೆಳಗಿನಿಂದ ಕೆಂಪು ಕಾರು ಬಂತು.

ಮಾದಸ್ವಾಮಿ ಇಳಿದವನೇ ಡಿಕ್ಕಿಯಿಂದ ನೀರಿನ ಬಿಂದಿಗೆ ಎತ್ತಿದ. ಕಾರು ಬದಲಾಯಿಸಿಕೊಳ್ಳಿ ಎಂದು ಕೇಳಲು ಕೊಳ್ಳೇಗಾಲಕ್ಕೆ ಹೋಗಿದ್ದನಂತೆ. ಅಂಗಡಿಯಲ್ಲಿ ರಾಮಾಪುರಕ್ಕೆ ಹೋದರು ಎಂದರಂತೆ. ಈ ಬಿಸಿಲಿನಲ್ಲಿ ಎಲ್ಲಿ ನಿಂತಿದ್ದಾರೋ ಎಂದು ಬೆನ್ನಟ್ಟಿ ಬಂದಿದ್ದ. ಇಬ್ಬರಿಗೂ ಕುಡಿಯಲು ನೀರು ಕೊಟ್ಟು, ಆಮೇಲೆ ಕಾರಿನ ಕಡೆ ನೋಡಿದ.

“ಗೊತ್ತಿದ್ದೂ ಯಾಕೆ ಮಾರಿದ್ರಿ?” ಶಿವರತ್ನಮ್ಮ ಕೇಳಿದಳು.

“ನಿಜ ಏಳ್ದೆ, ನಂಬ್ನಿಲ್ಲ. ಬೆಲೆ ಏರ್ಸುದ್ರಾದ್ರೂ ಬುಡ್ತೀರಿ ಅನ್ಕಂಡೆ. ಅದ್ಕೂ ಒಪ್ಕಂಬುಟ್ರಿ. ಎಲ್ರೆದ್ರು ಆದ ಯಾಪಾರ, ಮುರಿಯಕ್ಕಾಗ್ನಿಲ್ಲ.”

ಅವಳಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ.

ಗುರುಪಾದಸ್ವಾಮಿ ಮಾತ್ರ ವ್ಯಾಪಾರಿ, ಅಷ್ಟಕ್ಕೇ ಬಿಡುವವರಲ್ಲ. “ಅಂಗಾದ್ರೆ ಕೆಂಪುದ್ನ ಮೊದಲ್ನೇ ಮಾತ್ಗೇ ಯಾಕಪ್ಪ ಕೊಡಕ್ ಓದೆ? ಅದ್ರಲ್ಲೇನ್ ಐಬು?”

ಮಾದಸ್ವಾಮಿ ಬಿಂದಿಗೆ ಕೆಳಗಿಟ್ಟ. ಓಡಿಹೋಗಬಹುದಿತ್ತು, ಸುಳ್ಳು ಹೇಳಬಹುದಿತ್ತು. ಅವನು ಎರಡನ್ನೂ ಮಾಡಲಿಲ್ಲ.

“ಐಬು ಕಾರಲ್ಲಿಲ್ಲ ಯಜಮಾನ್ರೇ. ಅದ್ನ ಬುಡ್ವಾಗ ನಿಮ್ಮ ಮಗಳು ನಗ್ತಾ ಇದ್ರು. ಅವ್ರಿಗೇ ಸೇರ್ಬೇಕು ಅನ್ನುಸ್ತು. ಆಮ್ಯಾಕೆ ಟವೆಲ್ ಕೆಳ್ಗೆ ಅವ್ರ್ ಕೈ ಇಡ್ದಾಗ... ಬೆಲೆ ಏಳಕ್ಕೆ ಮನ್ಸೇ ಬರ್ನಿಲ್ಲ.”

ಶಿವರತ್ನಮ್ಮ ತಲೆ ತಗ್ಗಿಸಿದಳು. ಎದೆಯ ಬಡಿತ ಅಪ್ಪನಿಗೆ ಕೇಳಿಸೀತೆಂದು ಹೆದರಿದಳು. ‘ಇಷ್ಟೇನಾ... ಇಷ್ಟಕ್ಕೆ ನಾನು ಇವರನ್ನು ಮೋಸಗಾರ ಅಂದೆನಾ?’

ಗುರುಪಾದಸ್ವಾಮಿ ಮಗಳ ಕಡೆ ತಿರುಗಿದರು. “ನೀ ಏನಂತೀಯವ್ವ?”

“ಕೆಂಪು ಕಾರು ನನಗೆ ಅವತ್ತೇ ಹಿಡಿಸಿತ್ತು ಅಪ್ಪಯ್ಯ.”

“ನಾ ಕಾರ್ ಇಸ್ಯ ಕೇಳ್ನಿಲ್ಲ ಕಣವ್ವ.”

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. “ಇವರೂ...” ಎಂದಳು.

ತಂದೆಯ ಮುಖ ಅರಳಿ, ಮತ್ತೆ ಬಾಡಿತು. ಮಡಚದ ತಮ್ಮ ಬೆರಳುಗಳನ್ನು ನೋಡಿಕೊಂಡರು. “ನನ್ ಕೈ ಅಂದ್ರೆ ನೀನೇಯ. ನೀ ಮಾಂಬಳ್ಳಿಗೆ ಒಂಟೋದ್ರೆ ನಾ ಎಂಗವ್ವ ಬದುಕ್ಲಿ?”

ಅವಳ ಕಣ್ಣು ತುಂಬಿತು. ಅಪ್ಪನನ್ನು ಬಿಟ್ಟು ಹೋಗಲಾರಳು. ಇವನನ್ನು ಬಿಟ್ಟು ಇರಲಾರಳು. ಎದುರಿಗಿದ್ದ ಸುಖ ಕೈಗೆ ಬಂದು ಜಾರಿತು ಎಂದೇ ಅಂದುಕೊಂಡಳು.

ಮಾದಸ್ವಾಮಿ ಕೆಂಪು ಕಾರಿನ ಕೀಲಿ ತೆಗೆದು ಅವಳ ಕೈಗೆ ಕೊಟ್ಟ. ಮಾತಾಡಿದ್ದು ಮಾತ್ರ ಅವಳ ತಂದೆಯ ಜೊತೆ.

“ಕಾರು ಅವ್ರುದೇ ಯಜಮಾನ್ರೇ, ಬಿಡೋರೂ ಅವ್ರೇ. ಮಾಂಬಳ್ಳಿಯಿಂದ ಕೊಳ್ಳೇಗಾಲ ಏನ್ ದೂರ? ಗೂಡಿನ್ ಯಾಪಾರ ಇರೋ ದಿನ ಎಲ್ಲಾ ಬತ್ತಾರೆ. ನಿಮ್ ಪಕ್ದಲ್ಲೇ ಕೂತ್ಕತ್ತಾರೆ. ನಮ್ಮವ್ವುಂಗೂ ಏಳಿವ್ನಿ.”

“ನಿಮ್ಮವ್ವ ಏನಂದ್ರು?”

“ಸದ್ಯ ಬಾಯ್ ಬುಟ್ಯಲ್ಲ ಅಂದ್ರು.”

ಗುರುಪಾದಸ್ವಾಮಿ ಜೋರಾಗಿ ನಕ್ಕುಬಿಟ್ಟರು. ಸೋಮವಾರ ತಾಯಿಯನ್ನು ಕರೆದುಕೊಂಡು ಬಾ ಎಂದರು. ನಗುತ್ತಲೇ ಹೆಗಲ ಮೇಲಿನ ಟವೆಲ್ಲಿನಿಂದ ಕಣ್ಣು ಒರೆಸಿಕೊಂಡರು.

ಎತ್ತು ಕಟ್ಟಿಸಿ ನೀಲಿ ಕಾರನ್ನು ರಾಮಾಪುರದ ಪೊಲೀಸ್ ಠಾಣೆಯ ಮುಂದೆ ಬಿಟ್ಟದ್ದಾಯಿತು. ಮೂವರೂ ಕೆಂಪು ಕಾರಿನಲ್ಲಿ ಕೊಳ್ಳೇಗಾಲಕ್ಕೆ ಹೊರಟರು. ಶಿವರತ್ನಮ್ಮ ಬಿಟ್ಟಳು. ಪಕ್ಕದ ಸೀಟಿಗೆ ಗುರುಪಾದಸ್ವಾಮಿ ಹತ್ತಿ ಭದ್ರವಾಗಿ ಕೂತರು. ಪಾಪ, ಭಾವೀ ಅಳಿಯನಿಗೆ ಡಿಕ್ಕಿಯ ಬಯಲು ಸೀಟೇ ಗತಿಯಾಯಿತು.

ಹನೂರಿನಲ್ಲಿ ಪರಿಚಯದವರು ಯಾರೋ ಸಿಕ್ಕರೆಂದು ತಂದೆ ಇಳಿದು ಹೋದರು. ಅವಳು ಮೆಲ್ಲನೆ ಹಿಂದಕ್ಕೆ ಬಂದಳು. ಮಾದಸ್ವಾಮಿಯ ಹುಬ್ಬು, ಮೀಸೆ, ಕೂದಲು ಎಲ್ಲ ಕೆಮ್ಮಣ್ಣಿನ ಧೂಳು. ಅವಳು ನಗು ತಡೆಯಲಾರದೆ ಮುಖ ಮುಚ್ಚಿಕೊಂಡಳು.

“ನಗಿ, ನಗಿ,” ಎಂದ ಅವನು. “ಅಲ್ಲಿ ಅರ್ಧ ಮಾತಾಡಿ ನಿಲ್ಲುಸ್ಬುಟ್ರಿ. ಮಿಕ್ಕಿದ್ದು ಯಾವಾಗ?”

ಅವಳು ಅತ್ತಿತ್ತ ನೋಡಿದಳು. ಅಂಗಡಿಯ ಮುಂದೆ ತಂದೆಯ ಬೆನ್ನು ಕಾಣುತ್ತಿತ್ತು.

“ನಿಮ್ಮನ್ನ ಬಯ್ಕೊಂಡು ಓಡಾಡಿದೆ. ಬಯ್ಯುವಾಗಲೂ ನೀವೇ ಬೇಕು ಅನ್ನಿಸ್ತಿತ್ತು. ತಪ್ಪು ತಿಳಿದೆ...”

“ಅದ್ನ ಬುಡಿ. ಇನ್ನೊಂದ್ಸಲ ಏಳಿ, ಬೇಕು ಅಂದ್ರಲ್ಲ, ಅದ್ನ.”

ಅವಳು ಒಂದು ಹೆಜ್ಜೆ ಹತ್ತಿರ ಬಂದಳು.

“ಮದುವೆ ಆದಮೇಲೆ ಹೆಸರು ಹಿಡಿದು ಕರೆಯೋ ಹಾಗಿಲ್ಲ. ಅದಕ್ಕೆ ಈಗಲೇ ಒಂದು ಸಲ ಕರೆದುಬಿಡ್ಲಾ?”

ಅವನು ಮುಖದ ಧೂಳು ಒರೆಸಿಕೊಂಡ. “ಕರೀರಿ.”

“ಮಾದಸ್ವಾಮಿ...” ಎಂದಳು ಶಿವರತ್ನಮ್ಮ, ತುಂಬ ಮೆಲ್ಲಗೆ. “ನನಗೆ ನೀವು ಬೇಕು.”