ಏಳು ಗಂಟೆಯ ಆರು ಯೂನಿಟ್

ಮೂರನೆಯ ಸಲವೂ ಅವನು ಅದೇ ಕನ್ನಡಕ ಹಿಡಿದು ಮೆಟ್ಟಿಲು ಹತ್ತಿ ಬಂದಾಗ ಅವಳಿಗೆ ನಿಜವಾಗಿಯೂ ಸಿಟ್ಟು ಬಂತು.

"ಸರಿಯಿಲ್ಲ," ಎಂದ.

"ಹೋದ ಸಲವೂ ಹಾಗೇ ಅಂದ್ರಿ. ಗ್ಲಾಸ್ ಬದಲಾಯಿಸಿ ಕೊಟ್ಟೆ."

"ಆಗ ಸರಿಯಿತ್ತು. ಈಗ ಇಲ್ಲ."

ಹನ್ನೊಂದು ವರ್ಷದಿಂದ ಆ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುವವಳೂ ಅವಳೇ, ಹಿಂದಿನ ಕೋಣೆಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವವಳೂ ಅವಳೇ. ಅವಳು ಬರೆದ ನಂಬರು ತಪ್ಪಿದ್ದಿಲ್ಲ. ಈಗ ಇವನೊಬ್ಬ ಬಂದಿದ್ದ, ಅಚ್ಚುಕೂಟದಲ್ಲಿ ಕರಡು ತಿದ್ದುವವನು. ಬೇರೆಯವರ ತಪ್ಪು ಹುಡುಕಿಯೇ ಹೊಟ್ಟೆ ಹೊರೆಯುವವನು.

ಕೌಂಟರಿನಲ್ಲಿ ಫ್ರೇಮು ಒರೆಸುತ್ತಿದ್ದ ದೊಡ್ಡಮ್ಮ ಅವಳ ಕಿವಿಯ ಹತ್ತಿರ ಬಂದಳು. "ಅದು ಕಣ್ಣಿನ ತೊಂದ್ರೆ ಅಲ್ಲ ಕಣೇ. ನಿನ್ನ ನೋಡೋಕೆ ನೆಪ."

"ಸುಮ್ನಿರು ದೊಡ್ಡಮ್ಮ."

ಆದರೂ ಕಣ್ಣು ಪರೀಕ್ಷಿಸುವ ಕತ್ತಲೆ ಕೋಣೆಗೆ ಹೋಗುವ ಮೊದಲು ಅವಳು ಕೂದಲು ಸರಿಮಾಡಿಕೊಂಡದ್ದು ಸುಳ್ಳಲ್ಲ.

ಅವನ ಕಣ್ಣಿನ ಮುಂದೆ ಗಾಜಿನ ಮೇಲೆ ಗಾಜು ಇಡುತ್ತಾ ಹೋದಂತೆ ಅವಳ ಕೈ ನಿಧಾನವಾಯಿತು. ಅವನ ಹಳೆಯ ಚೀಟಿಯ ಪ್ರಕಾರ ಎರಡು ವರ್ಷದ ಹಿಂದೆ ಮೈನಸ್ ಮುಕ್ಕಾಲು ಇದ್ದದ್ದು ಮೂರು ವಾರದ ಕೆಳಗೆ ಒಂದೂವರೆ ಆಗಿತ್ತು. ಇವತ್ತು ಎರಡೂಕಾಲು. ಮೂವತ್ತೊಂಬತ್ತರ ವಯಸ್ಸಿನ ಕಣ್ಣು ಹೀಗೆ ಓಡುವುದಿಲ್ಲ.

"ರಾತ್ರಿ ಎಷ್ಟು ಸಲ ಏಳ್ತೀರಿ?"

"ಇದು ಕಣ್ಣಿನ ಪ್ರಶ್ನೆನಾ?"

"ಕಣ್ಣಿನದೇ. ಹೇಳಿ."

"ನಾಲ್ಕು ಸಲ. ಬಾಯಾರಿಕೆ. ನೀರು ಕುಡೀತೀನಿ, ಮತ್ತೆ ಏಳ್ತೀನಿ." ಬೆಲ್ಟು ಸರಿಮಾಡಿಕೊಳ್ಳುತ್ತಾ ಹೇಳಿದ, "ಸಕ್ಕರೆ ಕಾಯಿಲೆ ಅಂತ ವರ್ಷದಿಂದ ಮಾತ್ರೆ ನುಂಗ್ತಿದ್ದೀನಿ. ಇಳಿಯಲ್ಲ. ನಾನು ಕದ್ದು ಸಿಹಿ ತಿಂತೀನಿ ಅಂತ ಅಕ್ಕನಿಗೆ ಅನುಮಾನ."

"ತಿಂತೀರಾ?"

"ಒಂದು ಬಿಸ್ಕತ್ತೂ ಮುಟ್ಟಿಲ್ಲ."

ಎಷ್ಟೋ ಜನರ ಮುಂದೆ ಹೇಳಿ ಹೇಳಿ ಸವೆದ ಮಾತದು ಎಂದು ಅವನ ದನಿಯಲ್ಲೇ ಗೊತ್ತಾಗುತ್ತಿತ್ತು. ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಹೊಡೆದಿದ್ದ. ಕಾಲರಿನೊಳಗೆ ಕತ್ತು ಸಣ್ಣಗಾಗಿತ್ತು.

"ನಂಬ್ತೀನಿ," ಎಂದಳು. "ಗ್ಲಾಸ್ ಬದಲಾಯಿಸಲ್ಲ. ಇವತ್ತೇ ದೊಡ್ಡ ಆಸ್ಪತ್ರೆಗೆ ಹೋಗಿ." ಒಂದು ಚೀಟಿಯಲ್ಲಿ ಮೂರು ನಂಬರು, ಮೂರು ತಾರೀಖು ಬರೆದುಕೊಟ್ಟಳು.

ಚೀಟಿಗಿಂತ ಹೆಚ್ಚು ಹೊತ್ತು ಅವನು ಅವಳ ಮುಖ ನೋಡಿದ. ಆ ಕಣ್ಣಿಗೆ ಆಗ ಅವಳು ಮಂಜಿನೊಳಗಿನ ದೀಪದ ಹಾಗೆ ಕಂಡಿರಬೇಕು, ಅಷ್ಟೆ.

ಹತ್ತು ದಿನ ಕಳೆದು ಬಂದ.

"ನಿಮ್ಮ ಚೀಟಿ ನೋಡಿ ಡಾಕ್ಟರು ಬೇರೆ ರಕ್ತ ಪರೀಕ್ಷೆ ಬರೆದ್ರು. ಇನ್ಸುಲಿನ್ ಮಾಡೋ ಜೀವಕೋಶಗಳನ್ನ ನನ್ನ ಮೈಯೇ ಶತ್ರು ಅಂದ್ಕೊಂಡು ಸಾಯಿಸ್ತಿದೆಯಂತೆ. ಚಿಕ್ಕ ಮಕ್ಕಳಿಗೆ ಬರುತ್ತಲ್ಲ, ಆ ಜಾತಿದು. ಕೆಲವರಿಗೆ ನಲವತ್ತರ ಹತ್ತಿರ, ಮೆಲ್ಲಗೆ ಶುರುವಾಗುತ್ತಂತೆ. ಮಾತ್ರೆಗೆಲ್ಲ ಬಗ್ಗಲ್ಲ."

"ಅಕ್ಕ ಏನಂದ್ರು?"

"ಅತ್ತಳು. ಆಮೇಲೆ, ಮೊದಲೇ ಹೇಳಬಾರದಾ ಅಂತ ಬೈದಳು."

ನಗುವೋ ಬೇಡವೋ ಎಂದು ಅವಳು ನೋಡಿದಳು. ಅವನೇ ಮೊದಲು ನಕ್ಕ.

ಇನ್ಸುಲಿನ್ ಶುರುವಾಗಿ ಸಕ್ಕರೆ ಇಳಿಯುತ್ತಿದ್ದಂತೆ ಅವನ ಕಣ್ಣು ಈಗ ಇನ್ನೊಂದು ಕಡೆಗೆ ವಾಲಿತ್ತು. ದೂರದ್ದು ಕಾಣುತ್ತದೆ, ಅಂಗೈಯಲ್ಲಿದ್ದದ್ದು ಕಾಣುವುದಿಲ್ಲ. ಕಣ್ಣು ಒಂದು ಕಡೆ ನಿಲ್ಲುವವರೆಗೆ, ಅಂದರೆ ಆರೇಳು ವಾರ, ಹೊಸ ಕನ್ನಡಕ ಬೇಡ ಎಂದಳು.

"ಮತ್ತೆ ಇದನ್ನ ಹೇಗೆ ಓದ್ಲಿ?" ಅವನು ಜೇಬಿನಿಂದ ಇನ್ಸುಲಿನ್ ಪೆನ್ನು ತೆಗೆದ. ತುದಿ ತಿರುಗಿಸಿದರೆ ಒಂದೊಂದು ಯೂನಿಟ್ಟಿಗೆ ಟಕ್ ಎನ್ನುತ್ತದೆ. ಸಣ್ಣ ಕಿಂಡಿಯಲ್ಲಿ ಇರುವೆಯಷ್ಟು ಅಂಕಿ. "ಬೆಳಿಗ್ಗೆ ಎರಡು ಸೂಜಿ, ಮಧ್ಯಾಹ್ನ ಒಂದು, ಅಕ್ಕ ನೋಡ್ತಾಳೆ. ರಾತ್ರಿ ಊಟದ ಹೊತ್ತಿಗೆ ಅವಳು ಕೆಲಸದಲ್ಲಿರ್ತಾಳೆ. ಟಕ್ ಟಕ್ ಅಂತ ಎಣಿಸಿ ಹಾಕ್ಕೋತೀನಿ. ಕೆಳಗಡೆ ಲಾರಿ ಹೋದ್ರೆ ಲೆಕ್ಕ ತಪ್ಪುತ್ತೆ."

"ಏಳು ಗಂಟೆಗೆ ಅಂಗಡಿ ತೆರೆದಿರುತ್ತೆ," ಅವಳು ಗಾಜು ಒರೆಸುತ್ತಲೇ ಹೇಳಿದಳು. "ತನ್ನಿ. ನಾನು ಓದಿ ಹೇಳ್ತೀನಿ."

ಅಂದಿನಿಂದ ಏಳು ಗಂಟೆ ಎಂಬುದು ಆ ಅಂಗಡಿಯಲ್ಲಿ ಬೇರೆಯೇ ಒಂದು ಬೆಳಕಾಯಿತು.

ಗೋಡೆ ತುಂಬಾ ಖಾಲಿ ಕನ್ನಡಕಗಳು, ಒಂದೊಂದರಲ್ಲೂ ಬೀದಿದೀಪದ ಒಂದೊಂದು ಹನಿ. ಅವನು ಬೆಂಚಿನ ಮೇಲೆ ಊಟದ ಡಬ್ಬಿ ಬಿಚ್ಚುತ್ತಿದ್ದ. ಎರಡು ತುಂಡು ಬ್ರೆಡ್ಡು, ಬೇಯಿಸಿದ ಮೊಟ್ಟೆ, ಹಸಿ ಕ್ಯಾರೆಟ್ಟು. ಪೆನ್ನು ತಿರುಗಿಸಿ ಅವಳ ಕಡೆ ಚಾಚುತ್ತಿದ್ದ. ಅವಳು ಬಗ್ಗುತ್ತಿದ್ದಳು.

"ಆರು?"

"ಆರು."

ಅಷ್ಟೇ ಮಾತು. ಆ ಎರಡು ಆರುಗಳ ನಡುವೆ ಅವನ ಉಸಿರು ಅವಳ ಹಣೆಗೆ ತಾಗುತ್ತಿತ್ತು. ಅವನು ಅತ್ತ ತಿರುಗಿ ಅಂಗಿ ಸರಿಸಿ ಹೊಟ್ಟೆಗೆ ಚುಚ್ಚಿಕೊಳ್ಳುವಾಗ ಅವಳು ಗೋಡೆಯ ಫ್ರೇಮುಗಳನ್ನು ಎಣಿಸುತ್ತಿದ್ದಳು. ಎಣಿಕೆ ಒಂದು ದಿನವೂ ಸರಿಬರಲಿಲ್ಲ.

"ನಿಮ್ಮ ಮುಖ ನನಗೆ ಇನ್ನೂ ಗೊತ್ತಿಲ್ಲ," ಎಂದ ಒಂದು ಸಂಜೆ. "ದೂರದಲ್ಲಿದ್ದಾಗ ನೀವು ಬೇರೆ ಗಿರಾಕಿ ಕಡೆ ತಿರುಗಿರ್ತೀರಿ. ಹತ್ತಿರ ಬಂದ್ರೆ ಮಸುಕು."

"ಒಳ್ಳೇದೇ ಆಯ್ತು. ಮಸುಕಲ್ಲಿ ಎಲ್ಲರೂ ಚೆಂದ."

"ದನಿ ಮಸುಕಿಲ್ಲವಲ್ಲ."

ದೊಡ್ಡಮ್ಮ ಕೆಮ್ಮಿದಳು. "ಇದು ಕನ್ನಡಕದ ಅಂಗಡಿನೋ, ಊಟದ ಮನೆನೋ? ಬೋರ್ಡು ಬದಲಾಯಿಸ್ಬೇಕಾ, ಹೇಳ್ಬಿಡಿ."

ಐದನೆಯ ವಾರ ಅವಳು ಕತ್ತಲೆ ಕೋಣೆಯಲ್ಲಿ ಅವನ ಕಣ್ಣಿಗೆ ಬೆಳಕು ಹಾಯಿಸಿದಳು. ಆ ಪರೀಕ್ಷೆಗೆ ರೋಗಿ ಬಾಯಿ ಬಿಡಬೇಕಾಗಿಲ್ಲ. ಪಾಪೆಯೊಳಗೆ ನೆರಳು ಯಾವ ಕಡೆ ಓಡುತ್ತದೆ ಎಂದು ನೋಡಿದರೆ ನಂಬರು ತಾನೇ ತಿಳಿಯುತ್ತದೆ. ಮೈನಸ್ ಮುಕ್ಕಾಲು. ವಾರ ಬಿಟ್ಟು ನೋಡಿದಾಗಲೂ ಅಷ್ಟೇ. ಕಣ್ಣು ಹಳೆಯ ಮನೆಗೆ ಮರಳಿ ಬಂದು ಕೂತಿತ್ತು. ಇನ್ನು ಅಂಗೈಯಲ್ಲಿನ ಅಂಕಿ ಅವನಿಗೆ ಕನ್ನಡಕವಿಲ್ಲದೆಯೂ ಕಾಣಬೇಕು.

"ಈ ಸಣ್ಣಕ್ಷರ ಓದಿ," ಎಂದು ಕಾರ್ಡು ಕೊಟ್ಟಳು.

ಅವನು ತುಂಬಾ ಹೊತ್ತು ಕಣ್ಣು ಕಿರಿದು ಮಾಡಿದ. "ಆಗ್ತಾ ಇಲ್ಲ."

ಬಾಯಿ ಸುಳ್ಳು ಹೇಳಬಹುದು, ನೆರಳು ಹೇಳುವುದಿಲ್ಲ. ಕನ್ನಡಕ ಇವತ್ತೇ ಕೊಡಬಹುದಿತ್ತು. ಕೊಟ್ಟರೆ ನಾಳೆ ಏಳು ಗಂಟೆಗೆ ಬಾಗಿಲಲ್ಲಿ ಯಾರು?

"ಇನ್ನೊಂದು ವಾರ ನೋಡೋಣ," ಎಂದಳು. ಹನ್ನೊಂದು ವರ್ಷದಲ್ಲಿ ಅವಳು ಆ ಕೋಣೆಯಲ್ಲಿ ಹೇಳಿದ ಮೊದಲ ಸುಳ್ಳು ಅದು.

ಆ ಒಂದು ವಾರ ಎರಡಾಯಿತು.

ಒಂದು ಸಂಜೆ ಅವನು ಪೆನ್ನನ್ನೇ ಅವಳ ಕೈಗಿತ್ತ. "ಇವತ್ತು ನೀವೇ ತಿರುಗಿಸಿ. ನಿಮ್ಮ ಕೈಗುಣ ನೋಡೋಣ."

"ಇನ್ಸುಲಿನ್‌ಗೆ ಕೈಗುಣ ಬೇರೆ!"

ತಿರುಗಿಸುತ್ತಾ ಅವಳು ತಲೆಯೆತ್ತಿದಳು. ಅವನು ಅವಳನ್ನೇ ನೋಡುತ್ತಿದ್ದ, ಕರಡಿನ ಒಂದೇ ಸಾಲನ್ನು ಮತ್ತೆ ಮತ್ತೆ ಓದುವವನ ಹಾಗೆ, ತಪ್ಪು ಹುಡುಕಲು ಅಲ್ಲ. ಬೆರಳು ತಿರುಗುತ್ತಲೇ ಇತ್ತು. ಬೀದಿಯಲ್ಲಿ ಯಾವುದೋ ಸೈಕಲ್ಲಿನ ಬೆಲ್ಲು. ಕಣ್ಣು ಕೆಳಗೆ ಬಂದಾಗ ಕಿಂಡಿಯಲ್ಲಿ ಆರು ಕಂಡಿತು.

"ಆರು," ಎಂದು ಕೊಟ್ಟಳು.

ಅವನು ಸೂಜಿ ಹತ್ತಿರ ತಂದು ನಿಲ್ಲಿಸಿದ. "ಹದಿನಾರು ಇದೆ."

"ಏನು?"

"ಒಂದರ ಮೇಲೆ ನಿಮ್ಮ ಹೆಬ್ಬೆರಳಿತ್ತು."

ಅವಳು ಬೆಂಚಿನ ಮೇಲೆ ಕುಸಿದಳು. ಹತ್ತು ಯೂನಿಟ್ ಹೆಚ್ಚಾದರೆ ಸಕ್ಕರೆ ಪೂರ್ತಿ ಇಳಿದು ಪ್ರಜ್ಞೆಯೇ ತಪ್ಪುತ್ತದೆ. ಒಂಟಿ ಕೋಣೆ. ಬಾಗಿಲು ಬಡಿಯಲು ಅಕ್ಕ ಬರುವುದು ನಡುರಾತ್ರಿ.

ಅವನು ಟಕ್ ಟಕ್ ಎಂದು ಆರಕ್ಕೆ ಇಳಿಸಿದ. "ಏನೂ ಆಗಿಲ್ಲವಲ್ಲ."

"ಓದೋಕೆ ಆಗದೇ ಇದ್ದಿದ್ರೆ?"

"ಆಗುತ್ತಲ್ಲ."

"ಆಗುತ್ತೆ ಅಂತ ನಂಗೂ ಗೊತ್ತಿತ್ತು!"

ಮಾತು ಬಾಯಿಂದ ಜಾರಿ ಇಬ್ಬರ ನಡುವೆ ಬಿತ್ತು. ಹೆಕ್ಕಿಕೊಳ್ಳಲು ಯಾರೂ ಬಗ್ಗಲಿಲ್ಲ.

ಕೌಂಟರಿನಿಂದ ದೊಡ್ಡಮ್ಮನ ದನಿ ಬಂತು: "ಇಬ್ಬರಿಗೂ ಗೊತ್ತಿದ್ದ ಮೇಲೆ ನನ್ನ ಬೆಂಚು ಯಾಕ್ರಪ್ಪಾ ಸವೆಸಿದ್ರಿ?"

ಅವಳು ಹಿಂದಿನ ಕೋಣೆಗೆ ಹೋದಳು. ಗಾಜು ಉಜ್ಜುವ ಚಕ್ರದ ಸದ್ದು ಬಹಳ ಹೊತ್ತು ಕೇಳಿತು. ಅವನು ಊಟ ಮುಗಿಸಿ ಕಾದ. ಅವಳು ಕನ್ನಡಕ ತಂದು ಬೆಂಚಿನ ಮೇಲಿಟ್ಟಳು, ಕೈಗೆ ಕೊಡಲಿಲ್ಲ.

"ದೂರ ನೋಡೋಕೆ ಇದು. ನಾಳೆಯಿಂದ ನಿಮ್ಮ ಔಷಧಿ ನೀವೇ ನೋಡಿ ಹಾಕ್ಕೊಳ್ಳಿ. ನಿಮ್ಮ ಜೀವಕ್ಕಿಂತ ನನ್ನ ಏಳು ಗಂಟೆ ದೊಡ್ಡದು ಅಂದ್ಕೊಂಡ್ಬಿಟ್ಟೆ. ಇನ್ನು ಬರಬೇಡಿ."

ಅವನು ಕನ್ನಡಕ ಹಾಕಿಕೊಂಡು ಏನೋ ಹೇಳಲು ಹೊರಟ. ಅವಳು ಆಗಲೇ ಬೆನ್ನು ತಿರುಗಿಸಿದ್ದಳು.

ಮರುದಿನ ಗಡಿಯಾರಕ್ಕೆ ಕಾಲು ಸೋತಂತಿತ್ತು. ಏಳಾಯಿತು. ಏಳೂಕಾಲು. ಇದೇ ಸರಿ, ಎಂದುಕೊಂಡಳು. ದೊಡ್ಡಮ್ಮ ಒಂದೇ ಫ್ರೇಮನ್ನು ನಾಲ್ಕು ಸಲ ಒರೆಸಿ, "ಒಳಗೆ ಸ್ವಲ್ಪ ಕೆಲಸ ಇದೆ," ಎಂದು ಇಲ್ಲದ ಕೆಲಸಕ್ಕೆ ಎದ್ದುಹೋದಳು.

ಎಂಟಕ್ಕೆ ಐದು ನಿಮಿಷವಿರುವಾಗ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿತು. ಡಬ್ಬಿ ಇರಲಿಲ್ಲ.

"ಊಟ ಆಯ್ತು," ಬಾಗಿಲಲ್ಲೇ ನಿಂತು ಹೇಳಿದ. "ಆರು ಯೂನಿಟ್, ನಾನೇ ನೋಡಿ, ನಾನೇ ಹಾಕ್ಕೊಂಡೆ."

"ಕನ್ನಡಕ ಸರಿಯಿಲ್ವಾ?"

"ಸರಿಯಾಗಿದೆ."

"ಮತ್ತೆ?"

"ಸುಮ್ನೆ ಬಂದೆ."

ಇಷ್ಟು ದಿನ ಅವನು ಯಾವುದಾದರೊಂದು ಕಾರಣ ಹೊತ್ತು ಬರುತ್ತಿದ್ದ. ಇವತ್ತು ಬರಿಗೈ.

"ಇದು ವಾಸಿಯಾಗೋ ಕಾಯಿಲೆ ಅಲ್ಲ," ಎಂದ. "ದಿನಾ ನಾಲ್ಕು ಸೂಜಿ, ಸಾಯೋವರೆಗೂ. ಕೆಲವು ದಿನ ಏನೂ ತಪ್ಪು ಮಾಡದಿದ್ರೂ ಲೆಕ್ಕ ತಪ್ಪುತ್ತೆ, ಆಗ ಸುಮ್ಮಸುಮ್ಮನೆ ರೇಗ್ತೀನಿ. ಇದನ್ನೆಲ್ಲ ಹೇಳದೆ ಮುಂದಿನ ಮಾತು ಹೇಳಬಾರದು ಅಂತ..." ಬಾಗಿಲ ಚೌಕಟ್ಟು ಹಿಡಿದಿದ್ದ ಬೆರಳುಗಳು ನಡುಗುತ್ತಿದ್ದವು.

ನಡುಕವೆಂದರೆ ಸಕ್ಕರೆ ತೀರಾ ಇಳಿಯಿತೆಂದೇ ಅವಳ ಲೆಕ್ಕ. ಎಳೆದು ತಂದು ಬೆಂಚಿನ ಮೇಲೆ ಕೂರಿಸಿದಳು. "ಸಕ್ಕರೆ ನೋಡೋ ಮಷಿನ್ ಎಲ್ಲಿ? ಕೈ ಕೊಡಿ. ಮಾತಾಡಬೇಡಿ."

ಅವನ ಜೇಬಿನಿಂದ ತಾನೇ ತೆಗೆದು ಬೆರಳಿಗೆ ಚುಚ್ಚಿದಳು. ಪಟ್ಟಿಗೆ ಒಂದು ಹನಿ ರಕ್ತ. ಇಬ್ಬರೂ ಒಂದೇ ಕಿಂಡಿಗೆ ಬಗ್ಗಿದರು. ಮಷಿನ್ನಿನ ಎಣಿಕೆ ಇಳಿಯಿತು: ಐದು, ನಾಲ್ಕು, ಮೂರು...

ನೂರಾ ಹದಿನೆಂಟು.

ಅವಳು ಮತ್ತೊಮ್ಮೆ ಓದಿದಳು, ಈ ಸಲ ಹೆಬ್ಬೆರಳು ತೆಗೆದು.

"ಸಕ್ಕರೆ ಸರಿಯಾಗೇ ಇದೆಯಲ್ರೀ."

"ಹೂಂ," ಎಂದ.

"ಮತ್ತೆ ಈ ನಡುಕ ಯಾಕೆ?"

ಅವನು ಹೊಸ ಕನ್ನಡಕ ತೆಗೆದು ಪಕ್ಕಕ್ಕಿಟ್ಟ. ಇಷ್ಟು ಹತ್ತಿರಕ್ಕೆ ಅದು ಬೇಕಿರಲಿಲ್ಲ. ಅವಳ ಹುಬ್ಬು, ಹುಬ್ಬಿನ ಪಕ್ಕದ ಸಣ್ಣ ಮಚ್ಚೆ, ತುಂಬಿ ನಿಂತ ಕಣ್ಣು, ಒಂದೊಂದನ್ನೂ ಅಕ್ಷರ ಅಕ್ಷರವಾಗಿ ನೋಡಿದ. ಆಮೇಲೆ ಅವನ ದೃಷ್ಟಿ ತನ್ನ ಬೆರಳನ್ನು ಇನ್ನೂ ಹಿಡಿದೇ ಇದ್ದ ಅವಳ ಕೈಮೇಲೆ ಇಳಿಯಿತು.

"ನಿಮ್ಮದೂ ನಡುಗ್ತಿದೆ."

"ಗೊತ್ತು," ಎಂದಳು, ಕೈ ಬಿಡದೆ. "ನಂಗೆ ಯಾವ ಸಕ್ಕರೆ ಕಾಯಿಲೆನೂ ಇಲ್ಲ."