ವಿಸ್ಮಯವನಕ್ಕೆ ಹೊಸಬರನ್ನು ಕರೆದೊಯ್ದ ಬೀರವ್ವ

ಬಲು ಹಿಂದೆ ಕಂಕಣಪುರವೆಂಬ ರಾಜ್ಯವಿತ್ತು. ಆ ರಾಜ್ಯದ ಗಡಿಯಲ್ಲಿ ಜಂಝಾಟಕನೆಂಬ ಮಾಂತ್ರಿಕ ಒಂದು ವನ ಕಟ್ಟಿದ್ದ. ಅದರ ಹೆಸರು ವಿಸ್ಮಯವನ. ಒಳಗೆ ಹೋಗಲು ಸುಂಕವಿಲ್ಲ, ತಡೆಯಿಲ್ಲ. ಹಾಡುವ ಕಾರಂಜಿಗಳು, ಮಾತಾಡುವ ಮೃಗಗಳು, ನೆಲದ ಮೇಲೆ ಮಲಗಿ ತಿರುಗುವ ದೊಡ್ಡ ಗಾಲಿ, ಎಲ್ಲವೂ ಅಲ್ಲಿದ್ದವು. ಆದರೆ ಹೋದವರು ಮರಳಿ ಬರುತ್ತಿರಲಿಲ್ಲ.

ನೋಡಿ ನೋಡಿ ಅವರ ತಲೆ ತಿರುಗುತ್ತಿತ್ತು. ಯಾವ ಗಳಿಗೆಯಲ್ಲಿ ತಮ್ಮ ಹೆಸರು ಮರೆಯುತ್ತಿದ್ದರೋ ಆ ಗಳಿಗೆಯಲ್ಲೇ ಮರದ ಕುದುರೆಗಳಾಗಿ ಗಾಲಿಯ ಮೇಲೆ ನಿಂತುಬಿಡುತ್ತಿದ್ದರು. ಒಂದು ಕುದುರೆ ಹೆಚ್ಚಿದರೆ ವನದ ಗೋಡೆ ಒಂದು ಮಾರು ಮುಂದೆ ಸರಿಯುತ್ತಿತ್ತು. ಇಂದು ಹೊಲ, ನಾಳೆ ಕೆರೆ, ನಾಡಿದ್ದು ಊರು.

ರಾಜ ಧವಳಸೇನ ಮುನ್ನೂರು ಸೈನಿಕರನ್ನು ಕಹಳೆ ಊದಿಸಿ ಕಳಿಸಿದ. ಸಂಜೆಯ ಹೊತ್ತಿಗೆ ಗೋಡೆ ಮುನ್ನೂರು ಮಾರು ಮುಂದೆ ಬಂದಿತ್ತು.

ವನದ ಮೂಡಣ ಬಾಗಿಲ ಮೇಲೆ ಮಾಂತ್ರಿಕನೇ ಬರೆಸಿದ್ದ: 'ಹೊಸಬರು ಕಣ್ಣು ಮುಚ್ಚದೆ ಮೂರು ಅಂಗಳಗಳನ್ನೂ ನೋಡಿ, ಹೊತ್ತು ಮುಳುಗುವ ಮೊದಲು ಪಡುವಣ ಬಾಗಿಲಲ್ಲಿ ತಮ್ಮ ಹೆಸರು ಹೇಳಿದರೆ ಈ ವನದ ಮಾಯೆ ಮುರಿಯುವುದು. ಕರೆತಂದವರೂ ಹೆಸರು ಹೇಳಬೇಕು.' ಆಗದ ಮಾತೆಂದು ಗೊತ್ತಿದ್ದೇ ಅವನು ಹಾಗೆ ಬರೆಸಿದ್ದ.

ವನದ ಬಳಿಯ ಊರಲ್ಲಿ ಬೀರವ್ವನೆಂಬ ಕುರಿ ಕಾಯುವ ಹೆಂಗಸಿದ್ದಳು. ಅವಳ ಗಂಡ ಮಾಳಿಂಗ ಒಂದು ವರ್ಷದ ಹಿಂದೆ ವನದೊಳಗೆ ಹೋದವನು ಬಂದಿರಲಿಲ್ಲ. ಅವಳೂ ಒಮ್ಮೆ ಒಳಗೆ ಹೋಗಿದ್ದಳು. ತಪ್ಪಿಸಿಕೊಂಡ ಟಗರನ್ನು ಬೆನ್ನಟ್ಟಿ ಎರಡು ಅಂಗಳ ದಾಟಿ, ಟಗರನ್ನು, ಅದರ ದಾರಿಗೆ ಅಡ್ಡ ನಿಂತಿದ್ದ ಒಂದು ಸಿಂಹವನ್ನು ಬಿಟ್ಟು ಬೇರೇನನ್ನೂ ನೋಡದೆ, ಅದರ ಕೊಂಬು ಹಿಡಿದು ಎಳೆದುಕೊಂಡು ಬಂದಿದ್ದಳು. ಹಾಗೆ ಬಂದವಳು ಅವಳೊಬ್ಬಳೇ.

ಅವಳು ಅರಮನೆಗೆ ಹೋಗಿ ನಿಂತಳು.

"ಬುದ್ಧೀ, ನನಗೆ ಸೈನ್ಯ ಬೇಡ. ಆ ವನಾನ ಇನ್ನೂ ಕಾಣದ ಹೊಸಬರು ಮೂರು ಜನ ಬೇಕು. ನಾನು ಕರ್ಕೊಂಡು ಹೋಗಿ ಕರ್ಕೊಂಡು ಬರ್ತೀನಿ."

"ಮುನ್ನೂರು ಜನರಿಂದ ಆಗದ್ದು ನಿನ್ನಿಂದ ಹೇಗಾಗುತ್ತದೆ, ತಾಯಿ?" ಎಂದು ರಾಜ ಕೇಳಿದ.

"ಹಸಿದ ಕುರಿಗಳನ್ನ ಎಳೆ ಹುಲ್ಲಿಗೆ ಒಂದೇ ಸಲ ನುಗ್ಗಿಸಿದ್ರೆ ಹೊಟ್ಟೆ ಉಬ್ಬಿ ಸಾಯ್ತವೆ, ಬುದ್ಧೀ. ಹುಲ್ಲಿಂದೇನೂ ತಪ್ಪಿಲ್ಲ, ಬಿಟ್ಟೋರ ತಪ್ಪು. ಒಂದಿಷ್ಟು ಮೇಯಿಸಬೇಕು, ತಿರುಗಿಸಬೇಕು, ಮೆಲುಕು ಹಾಕೋಕೆ ಬಿಡಬೇಕು. ನನಗೆ ಗೊತ್ತಿರೋ ವಿದ್ಯೆ ಅದೊಂದೇ."

ರಾಜ ಡಂಗುರ ಹೊಡೆಸಿದ. ಯಾರೂ ಬರಲಿಲ್ಲ. ಕೊನೆಗೆ ಕುಂಬಾರ ಚೌಡಣ್ಣ ಬಂದ. ಅವನ ತಾಯಿ ಸಿದ್ದಜ್ಜಿ ಬಂದಳು. ಅವನ ಆರು ವರ್ಷದ ಮಗಳು ಚೆಲುವಿ ಬಂದಳು. ಅವರು ಮಡಕೆ ಸುಡುವ ಆವಿಗೆಗೂ ವನದ ಗೋಡೆಗೂ ಆಗ ಒಂದೇ ಮಾರು ಉಳಿದಿತ್ತು. ನಾಳೆ ಎಂಬುದು ಅವರಿಗಿರಲಿಲ್ಲ.

ಬಾಗಿಲ ಹೊರಗೆ ಬೀರವ್ವ ಅವರನ್ನು ಕೂರಿಸಿ ರೊಟ್ಟಿ ತಿನ್ನಿಸಿದಳು. "ಹಸಿದ ಹೊಟ್ಟೇಲಿ ಏನ್ ನೋಡಿದ್ರೂ ತಲೆ ಸುತ್ತುತ್ತೆ" ಎಂದಳು. ಆಮೇಲೆ, "ಒಳಗೆ ನಾನು ಯಾವುದನ್ನ ತೋರಿಸ್ತೀನೋ ಅದನ್ನ ಮಾತ್ರ ನೋಡಿ. ಸಾಕು ಅನ್ನಿಸಿದ್ರೆ ಸಾಕು ಅನ್ನಿ. ನಾಚಿಕೆ ಬೇಡ" ಎಂದಳು.

ಮೊದಲನೆಯ ಅಂಗಳ ಕಾರಂಜಿಗಳದು. ಸಾವಿರ ಕಾರಂಜಿಗಳು ಸಾವಿರ ಬಣ್ಣದ ನೀರು ಚಿಮ್ಮುತ್ತ ಸಾವಿರ ರಾಗ ಹಾಡುತ್ತಿದ್ದವು. "ನನ್ನನ್ನು ನೋಡು! ನನ್ನನ್ನು ನೋಡು!" ಎಂದು ಕೂಗುತ್ತಿದ್ದವು. ಚೌಡಣ್ಣ ಎಡಕ್ಕೆ ತಿರುಗಿದ, ಬಲಕ್ಕೆ ತಿರುಗಿದ. ಅವನ ಕಣ್ಣುಗುಡ್ಡೆಗಳು ಬುಗುರಿಯಂತಾದವು.

ಬೀರವ್ವ ಅವನ ಭುಜ ಹಿಡಿದು ಕೂರಿಸಿದಳು. ಮೂಲೆಯಲ್ಲಿದ್ದ ಒಂದು ಪುಟ್ಟ ನೀಲಿ ಕಾರಂಜಿಯ ಮುಂದೆ ಮೂವರನ್ನೂ ಕೂರಿಸಿ, ಉಳಿದವಕ್ಕೆ ಬೆನ್ನು ಮಾಡಿಸಿದಳು. ಅದರ ಹಾಡು ಮುಗಿಯುವ ತನಕ ಯಾರೂ ಏಳಲಿಲ್ಲ.

"ಈಗ ಕಂಡದ್ದನ್ನ ಒಬ್ಬರಿಗೊಬ್ಬರು ಹೇಳಿ."

"ನೀರು ಮೇಲಕ್ಕೆ ಹೋಗಿ ಮೀನಾಗಿ ಬೀಳ್ತಿತ್ತು" ಎಂದಳು ಚೆಲುವಿ.

"ಮೀನಲ್ಲ ಕಣೆ, ಎಲೆ" ಎಂದಳು ಸಿದ್ದಜ್ಜಿ.

ಮೀನೋ ಎಲೆಯೋ ಎಂದು ಅಜ್ಜಿ ಮೊಮ್ಮಗಳು ವಾದಿಸಿ ನಕ್ಕರು. ಆ ನಗುವಿಗೆ ಚೌಡಣ್ಣನ ಕಣ್ಣು ನೆಲೆಗೆ ಬಂತು. ಹೀಗೆ ಒಂದು ನೋಡಿ, ಮಾತಾಡಿ, ಇನ್ನೊಂದು ನೋಡಿ, ಅವರು ಮೊದಲನೆಯ ಅಂಗಳ ದಾಟಿದರು.

ಎರಡನೆಯ ಅಂಗಳ ಮೃಗಗಳದು. ಅದರ ಬಾಗಿಲಲ್ಲೇ ಬೀರವ್ವ ನಿಂತು ಚೆಲುವಿಗೆ ಹೇಳಿದಳು, "ಮಗಾ, ಒಳಗೆ ಒಂದು ಬೆಂಕಿ ಜೂಲಿನ ಸಿಂಹ ಐತೆ. ಮೂರು ಸಲ ಗರ್ಜಿಸುತ್ತೆ. ಮೊದಲನೇದಕ್ಕೆ ನೆಲ ಅದುರುತ್ತೆ. ಎರಡನೇದಕ್ಕೆ ಮರ ಬಾಗುತ್ತೆ. ಮೂರನೇದಕ್ಕೆ ಅದಕ್ಕೇ ಕೆಮ್ಮು ಬರುತ್ತೆ."

ಸಿಂಹ ಒಮ್ಮೆ ಗರ್ಜಿಸಿತು. ನೆಲ ಅದುರಿತು. ಚೆಲುವಿ ಅಜ್ಜಿಯ ಸೆರಗು ಹಿಡಿದಳು. ಇನ್ನೊಮ್ಮೆ ಗರ್ಜಿಸಿತು. ಮರಗಳು ಬಾಗಿದವು. ಚೆಲುವಿ ಬೆರಳು ಮಡಚಿ "ಎರಡು" ಎಂದಳು. ಮೂರನೆಯ ಸಲ ಅದು ಬಾಯಿ ತೆರೆಯುವ ಮೊದಲೇ ಅವಳು, "ಈಗ ಕೆಮ್ಮು!" ಎಂದು ಕೂಗಿದಳು. ಸಿಂಹ ಖೊಕ್ ಖೊಕ್ ಎಂದು ಕೆಮ್ಮಿ, ತಲೆ ತಗ್ಗಿಸಿ ದಾರಿ ಬಿಟ್ಟಿತು.

ಅಷ್ಟರಲ್ಲಿ ರೆಕ್ಕೆಯ ಆನೆ, ಗಾಜಿನ ಜಿಂಕೆ, ಎರಡು ತಲೆಯ ಹಂಸ ಎಲ್ಲವೂ ಸುತ್ತುವರಿದವು. "ನನ್ನ ಮೇಲೆ ಕೂರು! ನನ್ನ ಮೇಲೆ ಕೂರು!" ಚೌಡಣ್ಣನಿಗೆ ಎಲ್ಲದರ ಮೇಲೂ ಕೂರುವ ಆಸೆ.

"ಒಂದನ್ನ ಆರಿಸ್ಕೊ, ಅಣ್ಣಾ. ಉಳಿದವು ಎಲ್ಲೂ ಓಡಿಹೋಗಲ್ಲ."

ಚೌಡಣ್ಣ ಬಹಳ ಹೊತ್ತು ಯೋಚಿಸಿ ಆನೆಯನ್ನು ಆರಿಸಿದ. ಆನೆ ಅವನನ್ನು ಹೊತ್ತು ಮರಗಳ ಮೇಲೆ ಒಂದು ಸುತ್ತು ಹಾರಿ ಇಳಿಸಿತು. ಇಳಿದವನ ಮುಖ ಸುಟ್ಟ ಮಡಕೆಯ ಹಾಗೆ ಕೆಂಪಾಗಿ ಹೊಳೆಯುತ್ತಿತ್ತು. "ಇಷ್ಟು ಸಾಕು, ತಾಯಿ" ಎಂದು ಅವನೇ ಅಂದ. ಎರಡನೆಯ ಅಂಗಳವನ್ನೂ ದಾಟಿದರು.

ಮೂರನೆಯ ಅಂಗಳದಲ್ಲಿ ಗಾಲಿ ಇತ್ತು.

ಅದು ಬೆಟ್ಟದಷ್ಟು ಅಗಲ. ಅದರ ಅಂಚಿನ ತುಂಬ ಸಾವಿರಾರು ಮರದ ಕುದುರೆಗಳು. ಒಂದೊಂದೂ ತನ್ನ ಊರಿಗಾಗಿ, ತನ್ನವರಿಗಾಗಿ ಗೋಳಿಡುತ್ತ ಸುತ್ತುತ್ತಿತ್ತು. ಬೀರವ್ವ ಇಲ್ಲಿಯ ತನಕ ಹಿಂದೆ ಬಂದಿರಲಿಲ್ಲ. ಆ ಸಾವಿರ ದನಿಗಳ ನಡುವೆ ಒಂದು ದನಿ, "ಬೀರೀ..." ಎಂದಿತು.

ಅದು ಮಾಳಿಂಗನ ದನಿ.

ಬೀರವ್ವನಿಗೆ ತಾನು ಹೇಳಿಕೊಟ್ಟದ್ದೆಲ್ಲ ಮರೆತುಹೋಯಿತು. ಆ ಕುದುರೆಯೋ, ಈ ಕುದುರೆಯೋ, ಮುಂದಿನದೋ, ಹಿಂದಿನದೋ? ಎಲ್ಲವನ್ನೂ ಒಟ್ಟಿಗೇ ನೋಡಲು ಹೋದಳು. ಕಣ್ಣು ಕತ್ತಲಿಟ್ಟಿತು. ಒಂದು ಹೆಜ್ಜೆ ಇಟ್ಟಳು. ಕಾಲು ನೆಲಕ್ಕೆ ತಾಗಿ ಟಕ್ ಎಂದಿತು. ಪಾದ ಆಗಲೇ ಮರವಾಗಿತ್ತು.

"ಅಕ್ಕಾ, ನಿನ್ನ ಹೆಸರೇನು? ಹೇಳು!" ಎಂದು ಚೆಲುವಿ ಕಿರುಚಿದಳು.

"ನನ್ನ ಹೆಸರು... ನನ್ನ..."

ಮರ ಮೊಣಕಾಲಿಗೆ ಏರಿತು. ಆಗ ಸಿದ್ದಜ್ಜಿ ತನ್ನ ಎರಡೂ ಕೈಯಲ್ಲಿ ಬೀರವ್ವನ ಮುಖ ಹಿಡಿದಳು. ಅರವತ್ತು ವರ್ಷ ಮಣ್ಣು ಮಿದ್ದ ಕೈಗಳು ಅವು.

"ಇಲ್ಲಿ ಕೇಳು, ಮಗಳೇ. ನಮ್ಮ ಮಡಕೆ ಮಾಡೋ ತಿಗರಿ ಸುತ್ತುವಾಗ ಹೊಸದಾಗಿ ಕಲಿಯೋರು ಅಂಚು ನೋಡ್ತಾರೆ, ತಲೆ ತಿರುಗಿ ಬೀಳ್ತಾರೆ. ಅಂಚು ನೋಡಬಾರದು. ನಡು ನೋಡಬೇಕು. ನಡು ಅಲ್ಲಾಡೋದಿಲ್ಲ. ನೋಡು, ನಡುವನ್ನ ನೋಡು."

ಬೀರವ್ವ ಗಾಲಿಯ ನಡುವಿಗೆ ಕಣ್ಣು ನೆಟ್ಟಳು. ಗೋಳು ದೂರವಾಯಿತು. ಉಸಿರು ಹದಕ್ಕೆ ಬಂತು. ಆ ನಡುವಿನಲ್ಲಿ, ಯಾರೂ ಎಂದೂ ನೋಡದ ಜಾಗದಲ್ಲಿ, ಮೊಳಕಾಲೆತ್ತರದ ಮುದುಕನೊಬ್ಬ ಕೂತು ಎರಡೂ ಕೈಯಿಂದ ಗಾಲಿ ತಿರುಗಿಸುತ್ತಿದ್ದ. ಬೆವರಿ ತೊಪ್ಪೆಯಾಗಿದ್ದ.

"ಅಯ್ಯೋ, ಇಷ್ಟೇನಾ ನೀನು?" ಎಂದಳು ಬೀರವ್ವ.

ತನ್ನನ್ನು ಯಾರೋ ಕಂಡರೆಂದು ಮಾಂತ್ರಿಕ ಬೆಚ್ಚಿಬಿದ್ದ. ಅವನ ಕೈ ಜಾರಿತು. ಗಾಲಿ ನಿಧಾನವಾಯಿತು. ಬೀರವ್ವನ ಕಾಲಿನ ಮರ ಸಿಪ್ಪೆಯಂತೆ ಕಳಚಿಬಿತ್ತು. ಈಗ ಕುದುರೆಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಅವಳು ಒಂದೊಂದನ್ನೇ ನೋಡಿದಳು. ಹುಬ್ಬಿನ ಮೇಲೆ ಗಾಯದ ಗುರುತಿದ್ದ ಕುದುರೆ ಬಂದಾಗ ಅದರ ಕೊರಳು ತಟ್ಟಿ, "ಇನ್ನೊಂದು ಗಳಿಗೆ ತಾಳ್ಕೊ" ಎಂದು ಮುಂದೆ ನಡೆದಳು.

ಪಡುವಣ ಬಾಗಿಲಲ್ಲಿ ಸೂರ್ಯ ಒಂದು ಗೇಣು ಎತ್ತರದಲ್ಲಿದ್ದ. ಮಾಂತ್ರಿಕ ಓಡೋಡಿ ಬಂದು ಅಡ್ಡ ನಿಂತ.

"ನಿಮ್ಮ ಹೆಸರು?"

"ಕುಂಬಾರ ಚೌಡಣ್ಣ!"

"ಚೌಡಣ್ಣನ ಮಗಳು ಚೆಲುವಿ!"

"ಸಿದ್ದವ್ವ. ಊರೆಲ್ಲ ಸಿದ್ದಜ್ಜಿ ಅಂತಾರೆ."

ಅವನು ಬೀರವ್ವನ ಕಡೆ ತಿರುಗಿದ. "ನಿನ್ನದು?"

"ಕುರಿ ಕಾಯೋ ಬೀರವ್ವ. ಮಾಳಿಂಗನ ಹೆಂಡತಿ. ಇವರನ್ನ ಕರ್ಕೊಂಡು ಬಂದವಳು!"

ಆ ಮಾತಿಗೆ ವನದ ಗೋಡೆ ಬಿರಿಯಿತು. ಚೆಲುವಿ ಮಾತ್ರ ಮಾಂತ್ರಿಕನ ಮುಂದೆಯೇ ನಿಂತಿದ್ದಳು. "ನಾವೆಲ್ಲ ಹೇಳಿದ್ವಿ. ನಿನ್ನ ಹೆಸರೇನು, ತಾತಾ?"

ಮಾಂತ್ರಿಕ ಬಾಯಿ ತೆರೆದ. ಎಷ್ಟೋ ವರ್ಷ ಗಾಲಿ ತಿರುಗಿಸಿ ತಿರುಗಿಸಿ ಅವನ ತಲೆಯೂ ತಿರುಗಿತ್ತು. ಹೆಸರು ನೆನಪಿಗೆ ಬರಲಿಲ್ಲ. ನೋಡನೋಡುತ್ತಿದ್ದಂತೆ ಅವನು ಬಾಲವಿಲ್ಲದ ಮರದ ಕುದುರೆಯಾಗಿ ಅಲ್ಲೇ ಉರುಳಿಬಿದ್ದ.

ಗಾಲಿಯ ಮೇಲಿನ ಕುದುರೆಗಳೆಲ್ಲ ಮನುಷ್ಯರಾಗಿ ಧುಮುಕಿದವು. ತಾಯಂದಿರು ಮಕ್ಕಳನ್ನು ಕಂಡರು, ಸೈನಿಕರು ಕಹಳೆ ಊದಿದರು. ಮಾಳಿಂಗ ಕಣ್ಣುಜ್ಜಿಕೊಳ್ಳುತ್ತ ಬಂದು, "ಬೀರೀ, ಕುರಿಗಳಿಗೆ ನೀರು ಕುಡಿಸಿದೆಯಾ?" ಎಂದು ಕೇಳಿದ. ಬೀರವ್ವ ಅಳುತ್ತಲೇ ನಕ್ಕಳು, ನಗುತ್ತಲೇ ಅವನ ಬೆನ್ನಿಗೊಂದು ಗುದ್ದಿದಳು.

ಸರಿದು ಬಂದಿದ್ದ ಗೋಡೆ ಇಲ್ಲವಾಗಿ ಹೊಲಗಳು ಒಡೆಯರಿಗೆ ಸೇರಿದವು. ಕಾರಂಜಿಗಳೂ ಮೃಗಗಳೂ ಮಾತ್ರ ಹಾಗೇ ಉಳಿದವು. ರಾಜ ಬಂದು ಕೇಳಿದ, "ಈ ವನವನ್ನು ಸುಟ್ಟುಬಿಡಲೇ?"

"ಬೇಡ, ಬುದ್ಧೀ. ಕಾರಂಜಿ ಏನು ಪಾಪ ಮಾಡೈತೆ? ಸಿಂಹದ ಕೆಮ್ಮಿಗೆ ಕಷಾಯ ಕೊಡ್ಸಿ. ತೋರಿಸೋಕೆ ನಾನಿದ್ದೀನಿ."

ರಾಜ ಅವಳನ್ನು ವನದ ಒಡತಿ ಮಾಡಿದ. ಚೌಡಣ್ಣನ ಆವಿಗೆಗೆ ಅರಮನೆಯ ಮಡಕೆಗಳೆಲ್ಲ ಬಂದವು. ದೇಶ ದೇಶದಿಂದ ಜನ ಬಂದರು, ನೋಡಿದರು, ಹೊಟ್ಟೆ ತುಂಬ ನಕ್ಕರು, ಸಂಜೆಗೆ ತಂತಮ್ಮ ಹೆಸರಿನೊಡನೆ ತಂತಮ್ಮ ಮನೆ ಸೇರಿದರು. ಅವರ ಬಾಳು ಹಾಲು ಉಕ್ಕಿದ ಹಾಗೆ ಉಕ್ಕಿತು. ಕತೆ ಕೇಳಿದವರ ಬಾಳೂ ಹಾಗೇ ಉಕ್ಕಲಿ.