ಹುಲ್ಲು ಕೊಟ್ಟ ಸಕ್ಕರೆ

"ಮೇಷ್ಟ್ರೇ, ಇಷ್ಟು ವರ್ಷ ಈ ಹುಲ್ಲನ್ನ ಹಸುವಿಗೆ ಹಾಕಿದ್ರೆ ಹಾಲಾದ್ರೂ ಕರ್ಕೋಬಹುದಿತ್ತು," ಎಂದು ಪ್ರಯೋಗಾಲಯದ ಮುಖ್ಯಸ್ಥೆ ಎಲ್ಲರೆದುರು ನಕ್ಕಳು. ಒಂದು ಕಾಲಕ್ಕೆ ಅವನ ಕೈಕೆಳಗೇ ಕಲಿತವಳು. ನಗುತ್ತಲೇ ಕಿಣ್ವದ ಹೊಸ ಶೀಶೆಯನ್ನು ಅವನ ಕೈಗಿತ್ತಳು. "ಹಳೇದು ಖಾಲಿ. ಇರೋದು ಇದೊಂದೇ, ಜೋಪಾನ. ನಾಳೆ ಸಕ್ಕರೆ ಬರ್ಲಿಲ್ಲ ಅಂದ್ರೆ ಒಲೆ ಬೇರೆಯವರಿಗೆ ಕೊಡ್ತೀನಿ. ಬೇಜಾರು ಮಾಡ್ಕೋಬೇಡಿ."

ಶೀಶೆಯನ್ನು ಫ್ರಿಜ್‌ನಲ್ಲಿಟ್ಟ. ಬೇಜಾರು ಮಾಡಿಕೊಳ್ಳುವಷ್ಟು ತ್ರಾಣವೂ ಅವನಲ್ಲಿ ಉಳಿದಿರಲಿಲ್ಲ. ಒಲೆ ಹೋದರೆ ಆ ಕಟ್ಟಡದಲ್ಲಿ ಅವನಿಗೆ ಕೂರಲು ಕುರ್ಚಿಯೂ ಇಲ್ಲ. ಕ್ಷಾರದ ನೀರಿನಲ್ಲಿ ನೆನೆದ ಹುಲ್ಲನ್ನು ಮೈಕ್ರೋವೇವ್ ಒಲೆ ಒಳಗಿನಿಂದಲೇ ಕುದಿಸಿ ಸಡಿಲಿಸಬೇಕು; ಸಡಿಲಗೊಂಡದ್ದನ್ನು ಕಿಣ್ವ ಕತ್ತರಿಸಿ ಸಕ್ಕರೆಯಾಗಿಸಬೇಕು; ಆ ಸಕ್ಕರೆ ಹುದುಗಿದರೆ ಇಂಧನ. ಹುಲ್ಲು ಮಾತ್ರ ಪ್ರತಿಸಲವೂ ಜಿಪುಣನ ಹಾಗೆ ಚೂರೇ ಚೂರು ಬಿಚ್ಚುತ್ತಿತ್ತು.

ಈ ಸಲ ಅದರ ಪರವಾಗಿ ತಾನೇ ಕೊಡುವುದೆಂದು ನಿರ್ಧರಿಸಿದ.

ಅಡುಗೆಮನೆಯ ಸಕ್ಕರೆ ಆಗದು, ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ಹುಲ್ಲಿನಿಂದ ಬರುವುದು ಗ್ಲೂಕೋಸ್; ಔಷಧದಂಗಡಿಯಲ್ಲಿ ಸಿಗುವುದೂ ಅದೇ. ಹೆಚ್ಚಾದರೆ ಅನುಮಾನ; ನಂಬುವಷ್ಟೇ ಹಾಕಬೇಕು. ಒಲೆಗೆ ಮೊದಲೇ ಬೆರೆಸಿದರೆ ಸೀದ ವಾಸನೆ ಹೊಡೆಯುತ್ತದೆ. ತಣಿದ ಮೇಲೆ, ಕಿಣ್ವ ಸುರಿಯುವ ಹೊತ್ತಿನಲ್ಲಿ, ಅದೇ ಸರಿ.

ಎಲ್ಲರೂ ಊಟಕ್ಕೆ ಹೋದಾಗ ಹುಲ್ಲು ಕುದಿಸಿದ. ಯಾವಾಗಲೂ ಗುಂಡಿ ಒತ್ತುವ ಮುನ್ನ ದೇವರನ್ನು ನೆನೆಯುತ್ತಿದ್ದವನು ಇಂದು ನೆನೆಯಲಿಲ್ಲ. ಕರೆದರೆ ಬಂದು ನೋಡಿಬಿಟ್ಟಾನು ಎಂಬ ಅಂಜಿಕೆ. ಜಾಡಿ ತಣಿಯಿತು. ಆಮ್ಲ ಬೆರೆಸಿ ಹದಕ್ಕೆ ತಂದ. ಬಾಗಿಲ ಕಡೆ ಕಿವಿಯಿಟ್ಟು, ಗ್ಲೂಕೋಸಿನ ನೀರು ಸುರಿದು, ಮುಚ್ಚಳ ಬಿಗಿದು, ಜಾಡಿಯನ್ನು ಬೆಚ್ಚಗಿನ ಪೆಟ್ಟಿಗೆಯೊಳಗಿಟ್ಟ. ಲೋಟ ತೊಳೆದ. ಗ್ಲೂಕೋಸಿನ ಖಾಲಿ ಪೊಟ್ಟಣ ಜೇಬಿಗಿಳಿಯಿತು. ಸಂಜೆ ಬಸ್ಸಿನಲ್ಲಿ ಕಣ್ಣು ಮುಚ್ಚಿ ಒಂದೊಂದೇ ಹೆಜ್ಜೆ ತಡವಿ ನೋಡಿದ. ಎಲ್ಲೂ ಕುರುಹಿಲ್ಲ.

ಮರುದಿನ ಮಾಪಕದ ಅಂಕಿ ಕಂಡು ಅವಳ ಕಣ್ಣು ತುಂಬಿತು. "ನಿನ್ನೆ ನಾನು ಹಾಗೆ ನಗಬಾರದಿತ್ತು ಮೇಷ್ಟ್ರೇ. ತಪ್ಪಾಯ್ತು."

"ಬಿಡಮ್ಮ, ಹುಲ್ಲು ಕೊನೆಗೂ ಮನಸ್ಸು ಮಾಡ್ತು," ಎಂದ. ಗೆದ್ದ ಸಂತೋಷವೇನೂ ಆಗಲಿಲ್ಲ; ಇನ್ನು ಕೂರಬಹುದು ಎನ್ನಿಸಿತು, ಅಷ್ಟೇ.

"ಇದನ್ನ ನಾನೇ ಎತ್ತಿಡ್ತೀನಿ," ಎಂದು ಅವಳು ಜಾಡಿಯನ್ನು ಎದೆಗವಚಿಕೊಂಡು ಫ್ರಿಜ್ ತೆರೆದಳು. ತೆರೆದವಳು ಹಾಗೇ ನಿಂತಳು. ತಿರುಗಿದಾಗ ಅವಳ ಕೈಯಲ್ಲಿ ಕಿಣ್ವದ ಶೀಶೆಯಿತ್ತು. ಅದರ ಕತ್ತಿನ ಸೀಲ್ ಒಡೆದಿರಲಿಲ್ಲ. ಕಿಣ್ವ ಸುರಿಯುವ ಹೊತ್ತಿಗೆ ಏನೋ ಒಂದನ್ನು ಸುರಿದಿದ್ದ ಅವನ ಪಳಗಿದ ಕೈ, ತನ್ನ ಕೆಲಸ ಮುಗಿಯಿತೆಂದು ಸುಮ್ಮನಾಗಿತ್ತು. "ಮೇಷ್ಟ್ರೇ," ಎಂದಳು ಅವಳು, ಒಬ್ಬ ವಿದ್ಯಾರ್ಥಿನಿಯ ಮೆಲುದನಿಯಲ್ಲಿ, "ಹಾಗಾದ್ರೆ ಹುಲ್ಲನ್ನ ಕತ್ತರಿಸಿದ್ದು ಯಾರು?"